ಗಲ್ಲೆ ಯಾರಿಗೆ, ಹೆಸರು ಯಾರಿಗೆ? ಎಂಟಿಆರ್ ಮನೆಯ ನೂರು ವರ್ಷ

ನಿಮ್ಮೂರ ಅಂಗಡಿಗೆ ಹೋಗಿ ಎಂಟಿಆರ್ ಸಾಂಬಾರ್ ಪುಡಿ ಕೇಳಿ, ಸಿಗುತ್ತದೆ. ಬಸ್ಸು ದಿನಕ್ಕೆ ಎರಡೇ ಸಲ ಬರುವ ನಮ್ಮೂರಲ್ಲೂ ಸಿಗುತ್ತದೆ. ಇನ್ನು ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿನ ಮುಂದೆ ಸರತಿ ನಿಂತು ದೋಸೆ ತಿಂದು ಬರುತ್ತಾರೆ. ಪುಡಿ, ದೋಸೆ ಎರಡೂ ಒಬ್ಬರೇ ಯಜಮಾನರದ್ದು ಅಂತ ನಾನೂ ತುಂಬಾ ವರ್ಷ ಅಂದುಕೊಂಡಿದ್ದೆ. ಅಲ್ಲ. ಪುಡಿ ನಾರ್ವೆ ದೇಶದ ಕಂಪನಿಯ ಕೈಯಲ್ಲಿದೆ. ದೋಸೆ ಮಾತ್ರ ಇನ್ನೂ ಮಯ್ಯರ ಮನೆಯದ್ದು.

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ತಾಲೂಕು ಪೇಟೆಯಲ್ಲಿ ನಾನು ಸುದ್ದಿ ಕಳಿಸುವ ಮೊದಲು ಚಹಾ ಕುಡಿಯುತ್ತಿದ್ದ ಒಂದು ಹೋಟೆಲಿತ್ತು. ಯಜಮಾನರು ಏನೂ ಬರೆದಿಡದೆ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆರು ತಿಂಗಳಲ್ಲಿ ಶಟರಿಗೆ ಎರಡು ಬೀಗ ಬಿದ್ದವು, ಅಣ್ಣನದೊಂದು, ತಮ್ಮನದೊಂದು. ಇಪ್ಪತ್ತು ವರ್ಷ ಬನ್ಸ್ ಕರಿದ ಅಡುಗೆಯವರು ಈಗ ಮದುವೆ ಮನೆಗಳಿಗೆ ದಿನಗೂಲಿಗೆ ಹೋಗುತ್ತಾರೆ. ಆ ಬೀಗ ನೋಡಿದಾಗಲೆಲ್ಲ ನೆನಪಾಗುವುದು ನಮ್ಮದೇ ಕರಾವಳಿಯಿಂದ ಹೊರಟ ಮಯ್ಯರ ಕತೆ.

ಉಡುಪಿ ಜಿಲ್ಲೆಯ ಕೋಟ, ಸಾಲಿಗ್ರಾಮದ ಪಕ್ಕ ಪಾರಂಪಳ್ಳಿ ಎಂಬ ಊರಿದೆ. ಅಲ್ಲಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು ಮೊದಲು ಮಾಡಿದ್ದು ಬೇರೆಯವರ ಮನೆಯಲ್ಲಿ ಅಡುಗೆ ಕೆಲಸ. 1924ರಲ್ಲಿ ಸಣ್ಣದೊಂದು ಹೋಟೆಲ್ ಶುರುಮಾಡಿದರು. ಆಗಿನ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಪರಮೇಶ್ವರ ಮಯ್ಯರು ಬೇಗ ತೀರಿಹೋದರು. ಜವಾಬ್ದಾರಿ ಯಜ್ಞನಾರಾಯಣ ಮಯ್ಯರ ಹೆಗಲಿಗೆ ಬಂತು. ಅಂದರೆ ಈ ಮನೆಯಲ್ಲಿ ಕೈ ಬದಲಾವಣೆ ಮೊದಲ ಸಲ ಆದದ್ದು ಯೋಜನೆ ಹಾಕಿ ಅಲ್ಲ, ಸಾವಿನಿಂದ. ನಮ್ಮ ಕಡೆ ಮುಕ್ಕಾಲು ಪಾಲು ಅಂಗಡಿಗಳಲ್ಲಿ ಆಗುವುದೂ ಹಾಗೆಯೇ.

ಯಜ್ಞನಾರಾಯಣ ಮಯ್ಯರದ್ದು ಬೇರೆಯದೇ ತಲೆ. ಎರಡನೇ ಮಹಾಯುದ್ಧದ ಕಾಲಕ್ಕೆ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ರವೆ ಹಾಕಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹೀಗೆ ಅಂತ ಈ ಹೋಟೆಲಿನವರು ಹೇಳುತ್ತಾರೆ. 1951ರಲ್ಲಿ ಅವರು ಯುರೋಪ್ ಸುತ್ತಲು ಹೋದರು. ಅಲ್ಲಿನ ಹೋಟೆಲುಗಳನ್ನು ನೋಡಿ ಬಂದವರು ಪಾತ್ರೆ, ಲೋಟಗಳನ್ನು ಬಿಸಿ ಹಬೆಯಲ್ಲಿ ತೊಳೆಯುವ ಕ್ರಮ ತಂದರು. ಗಿರಾಕಿಗಳು ಅಡುಗೆಮನೆಯ ಮೂಲಕವೇ ಒಳಗೆ ಬಂದು ಕೂರುವ ಪದ್ಧತಿ ಇಟ್ಟರು. ಒಲೆ ಹೇಗಿದೆ, ನೆಲ ಹೇಗಿದೆ, ಎಲ್ಲ ಕಣ್ಣಾರೆ ನೋಡಿಕೊಂಡು ಉಣ್ಣಲಿ ಅಂತ. 1960ರಲ್ಲಿ ಹೋಟೆಲ್ ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂತು, ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಊಟ, ಕಾಫಿಗೆ ಬೆಳ್ಳಿ ಲೋಟ ಇಡುವ ರೂಢಿಯೂ ಈ ಮನೆಯದ್ದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಪ್ಪ ಮಗನಿಗೆ ಏನು ಬಿಟ್ಟು ಹೋಗುತ್ತಾನೆ ಅಂದರೆ ನಾವು ಎಣಿಸುವುದು ಜಾಗ, ಕಟ್ಟಡ, ಬ್ಯಾಂಕಿನ ಪಾಸ್‌ಬುಕ್. ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದದ್ದರಲ್ಲಿ ದೊಡ್ಡದು ಆ ಅಡುಗೆಮನೆಯ ದಾರಿ. ಯಜಮಾನ ಊರಲ್ಲಿ ಇಲ್ಲದ ದಿನವೂ ಗಿರಾಕಿ ಒಲೆ ನೋಡಿಕೊಂಡೇ ಬರುತ್ತಾನೆ. ಹಾಗಾಗಿ ಅಡುಗೆಯವನು ಒಂದು ದಿನವೂ ಸಡಿಲ ಬಿಡುವಂತಿಲ್ಲ. ಗಲ್ಲೆಯಲ್ಲಿ ಕೂತವರು ಬದಲಾದರೂ ನಡೆಯುವ ಏರ್ಪಾಡು ಅದು.

ಮುಂದಿನ ತಲೆಮಾರಿನಲ್ಲಿ ಹರಿಶ್ಚಂದ್ರ ಮಯ್ಯ ಮತ್ತು ಸದಾನಂದ ಮಯ್ಯ ಬಂದರು. 1975ರಲ್ಲಿ ತುರ್ತುಪರಿಸ್ಥಿತಿ. ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ದರ ಕಟ್ಟಿತು. ಆ ದರಕ್ಕೆ ತುಪ್ಪ ಹಾಕಿ ತಿಂಡಿ ಮಾಡಿದರೆ ನಷ್ಟ, ಡಾಲ್ಡಾ ಹಾಕಿದರೆ ಹೆಸರು ಹೋಗುತ್ತದೆ. ಇವರು ಗುಣ ಇಳಿಸಲಿಲ್ಲ, ದಿನದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರು ಅಂತ ಹಳಬರು ಇವತ್ತಿಗೂ ಹೇಳುತ್ತಾರೆ. ಕೊನೆಗೆ ಹೋಟೆಲ್ ಮುಚ್ಚಿದರು. ಮುಚ್ಚಿದರೆ ಕೆಲಸದವರ ಗತಿ? ಪಕ್ಕದಲ್ಲೇ ಅಂಗಡಿ ತೆರೆದು ರವೆ ಇಡ್ಲಿ ಹಿಟ್ಟು, ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರತೊಡಗಿದರು. ನಿಮ್ಮೂರ ಅಂಗಡಿಯ ಆ ಪ್ಯಾಕೆಟ್ ಇದೆಯಲ್ಲ, ಅದರ ಮೂಲ ಇದು. ಕೆಲ ವರ್ಷ ಕಳೆದು ಹೋಟೆಲೂ ಮತ್ತೆ ಬಾಗಿಲು ತೆರೆಯಿತು. ಹೀಗೆ ಒಂದಿದ್ದ ವ್ಯಾಪಾರ ಎರಡಾಯಿತು.

ವ್ಯಾಪಾರ ಎರಡಾದಾಗ ಮನೆಯಲ್ಲಿ ಭಾಗದ ಮಾತು ಬಂದೇ ಬರುತ್ತದೆ. 1990ರ ದಶಕದಲ್ಲಿ ಇವರೂ ಭಾಗವಾದರು. ಆದರೆ ಕತ್ತರಿ ಹಾಕಿದ ಜಾಗ ನೋಡಿ. ಹೋಟೆಲಿನಲ್ಲಿ ಅರ್ಧ ನಿನಗೆ, ಅರ್ಧ ನನಗೆ ಅನ್ನಲಿಲ್ಲ. ಹೋಟೆಲ್ ಹರಿಶ್ಚಂದ್ರ ಮಯ್ಯರ ಕಡೆಗೆ, ಪುಡಿ, ಹಿಟ್ಟಿನ ಕಾರ್ಖಾನೆ ಸದಾನಂದ ಮಯ್ಯರ ಕಡೆಗೆ. ಒಬ್ಬರ ಒಲೆಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಎಂಟಿಆರ್ ಎಂಬ ಹೆಸರು ಮಾತ್ರ ಎರಡೂ ಕಡೆ ಉಳಿಯಿತು.

ಎಲ್ಲರಿಗೂ ಹೀಗೆ ಸಾಧ್ಯವಾಗುವುದಿಲ್ಲ. ಕರಾವಳಿಯದ್ದೇ ಇನ್ನೊಂದು ದೊಡ್ಡ ಹೆಸರು ಮಂಗಳೂರು ಗಣೇಶ ಬೀಡಿ. ಪಾಲುದಾರರಲ್ಲಿ ಮನಸ್ತಾಪ ಬಂದು 1987ರಲ್ಲಿ ಆ ಸಂಸ್ಥೆಯ ಪಾಲುದಾರಿಕೆ ಮುರಿಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಕಾರ್ಖಾನೆ ನಿಲ್ಲಿಸದೆ, ನಡೆಯುತ್ತಿರುವ ವ್ಯಾಪಾರವಾಗಿಯೇ ಅದನ್ನು ಪಾಲುದಾರರ ನಡುವೆ ಹರಾಜಿಗೆ ಇಟ್ಟರು. 1994ರಲ್ಲಿ ಮೂವರು ಪಾಲುದಾರರು ಸೇರಿ 92 ಕೋಟಿ ಕೂಗಿ ತೆಗೆದುಕೊಂಡರು. ಬೀಡಿ ಎಲೆ, ಹೊಗೆಸೊಪ್ಪು, ಗೋದಾಮಿಗೆ ಅಷ್ಟು ದುಡ್ಡೇ? ಬೆಲೆ ಇದ್ದದ್ದು ಹೆಸರಿಗೆ, ಲೇಬಲ್ಲಿಗೆ. ಆ ಟ್ರೇಡ್‌ಮಾರ್ಕಿನ ತೆರಿಗೆ ಲೆಕ್ಕ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವಾಗ 2015 ಆಗಿತ್ತು.

ಮತ್ತೆ ಮಯ್ಯರಿಗೆ ಬರೋಣ. 1999ರಲ್ಲಿ ಹರಿಶ್ಚಂದ್ರ ಮಯ್ಯರು ತೀರಿಕೊಂಡರು. ಮತ್ತೆ ಸಾವು, ಮತ್ತೆ ಖಾಲಿ ಕುರ್ಚಿ. ಈ ಸಲ ಗಲ್ಲೆಗೆ ಬಂದದ್ದು ಮಗಳು ಹೇಮಮಾಲಿನಿ ಮಯ್ಯ. ಐಎಎಸ್ ಪರೀಕ್ಷೆಗೆ ಓದುತ್ತಿದ್ದವರು ಪುಸ್ತಕ ಬದಿಗಿಟ್ಟು ಹೋಟೆಲಿಗೆ ಬಂದರು. ತಮ್ಮಂದಿರಾದ ವಿಕ್ರಮ್, ಅರವಿಂದ್ ಆಮೇಲೆ ಕೈಜೋಡಿಸಿದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಹಾಗೆ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಕಾನೂನು ಪಾಲು ಕೊಡಿಸಬಹುದು, ಗಲ್ಲೆ ಕೊಡಿಸುವುದಿಲ್ಲ. ಗಲ್ಲೆ ಸಿಗಬೇಕಾದರೆ ಮನೆಯವರು ಒಪ್ಪಬೇಕು, ಅಡುಗೆಯವರು ಆಕೆಯ ಮಾತು ಕೇಳಬೇಕು. ಹತ್ತಾರು ವರ್ಷ ದುಡಿದ ಹಳೇ ಕೆಲಸಗಾರರ ನಡುವೆ ಇಪ್ಪತ್ತರ ಹರೆಯದ ಹುಡುಗಿ ನಿಂತು ಹೋಟೆಲ್ ನಡೆಸುವುದು ಎಂದರೆ ಏನು ಅಂತ ನಮ್ಮೂರ ಹೋಟೆಲಿನವರನ್ನೇ ಕೇಳಿ, ಹೇಳುತ್ತಾರೆ. ಅವರ ಕಾಲದಲ್ಲಿ ಒಂದೇ ಇದ್ದ ಹೋಟೆಲ್ ಬೆಂಗಳೂರಿನ ಬೇರೆ ಬಡಾವಣೆಗಳಿಗೆ, ಆಮೇಲೆ ಸಿಂಗಪುರ, ದುಬೈಗೂ ಹೋಯಿತು.

ಇನ್ನೊಂದು ಪಾಲಿನ ಕತೆ ಬೇರೆ ದಾರಿ ಹಿಡಿಯಿತು. ಪ್ಯಾಕೆಟ್ ವ್ಯಾಪಾರ ದೊಡ್ಡದಾದಂತೆ ಹೊರಗಿನವರ ಬಂಡವಾಳ ಬಂತು. 2007ರಲ್ಲಿ ಸದಾನಂದ ಮಯ್ಯರು ಎಂಟಿಆರ್ ಫುಡ್ಸ್ ಕಂಪನಿಯನ್ನು ನಾರ್ವೆಯ ಓರ್ಕ್ಲಾಗೆ ಮಾರಿದರು, ಸುಮಾರು 350 ಕೋಟಿ ರೂಪಾಯಿಗೆ. ಆಗ ಬೇಜಾರು ಮಾಡಿಕೊಂಡವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ಕಾರ್ಖಾನೆ ನಿಲ್ಲಲಿಲ್ಲ, ಪುಡಿ ಇನ್ನೂ ಬರುತ್ತಿದೆ, ಕೆಲಸ ಉಳಿಯಿತು. ಮಕ್ಕಳು ಮುಂದುವರಿಸಿದರೆ ಮಾತ್ರ ಮನೆತನ ಉಳಿದಂತೆ ಅನ್ನುವುದು ನಮ್ಮ ಕಡೆಯ ಒಂದು ಹಟ. ಆ ಹಟಕ್ಕೆ ಬಿದ್ದು, ಇಷ್ಟವಿಲ್ಲದ ಮಗನನ್ನು ಗಲ್ಲೆಗೆ ಕೂರಿಸಿ ಅಂಗಡಿ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಾರಿದ ಮೇಲೂ ಸದಾನಂದ ಮಯ್ಯರು ಸುಮ್ಮನೆ ಕೂರಲಿಲ್ಲ. ಕೆಲ ವರ್ಷಗಳಲ್ಲೇ ಮತ್ತೆ ಹೋಟೆಲ್, ಮತ್ತೆ ಪ್ಯಾಕೆಟ್ ತಿಂಡಿ ಶುರುಮಾಡಿದರು. ಎಂಟಿಆರ್ ಎಂಬ ಮೂರಕ್ಷರ ಈಗ ಅವರದ್ದಲ್ಲವಲ್ಲ, ಅದಕ್ಕೆ ತಮ್ಮ ಮನೆಯ ಹೆಸರನ್ನೇ ಇಟ್ಟರು: ಮಯ್ಯಾಸ್.

ಈ ಬರಹಕ್ಕೆ ಕೂರುವ ಮೊದಲು ನಮ್ಮ ಪೇಟೆಯ ಆ ಹೋಟೆಲಿನವರ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಕೋರ್ಟಿಗೆ ಹೋಗಿ ಬರುತ್ತಿದ್ದಳು. ದಾವೆಯ ಕಾಗದದಲ್ಲಿ ಜಾಗ, ಕಟ್ಟಡ, ಫ್ರಿಜ್, ಮೇಜು, ಹಿಟ್ಟು ರುಬ್ಬುವ ಗ್ರೈಂಡರ್, ಎಲ್ಲ ಪಟ್ಟಿ ಮಾಡಿದ್ದಾರಂತೆ.

"ಅಣ್ಣಾ, ಅಪ್ಪನ ಹೋಟೆಲ್ ಹೆಸರು ಮಾತ್ರ ಪಟ್ಟಿಯಲ್ಲಿ ಇಲ್ಲ. ನಾನು ಬೇರೆ ಕಡೆ ಸಣ್ಣದಾಗಿ ಶುರು ಮಾಡಿದ್ರೆ ಆ ಹೆಸರು ಇಡ್ಲಿಕ್ಕೆ ಆಗ್ತದಾ?" ಅಂತ ಕೇಳಿದಳು.

ವಕೀಲರನ್ನೇ ಕೇಳು ತಂಗಿ ಅಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.