ಹೆಬ್ಬಾಳದಿಂದ ಯಲಹಂಕದವರೆಗೆ ಬಯೋಟೆಕ್: ಯಾರು ಎಲ್ಲಿದ್ದಾರೆ, ಏನು ಮಾಡ್ತಾರೆ, ನಮ್ಮ ತಾಲೂಕಿಗೆ ಏನು ಸಿಗುತ್ತೆ?

ಯಲಹಂಕ: ಮೇಖ್ರಿ ಸರ್ಕಲ್‌ನಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕ ಕಡೆ ಬಂದ್ರೆ ಎಡಕ್ಕೂ ಬಲಕ್ಕೂ ಇಷ್ಟುದ್ದ ಹೆಸರಿನ ಸರ್ಕಾರಿ ಬೋರ್ಡುಗಳು ಕಾಣ್ತವೆ. ದಿನಾ ಬಸ್ಸಲ್ಲಿ ಓಡಾಡೋರಿಗೂ ಆ ಕಾಂಪೌಂಡುಗಳ ಒಳಗೆ ಏನು ನಡೀತದೆ ಅಂತ ಗೊತ್ತಿಲ್ಲ. ಬಯೋಟೆಕ್ ಅಂದ್ರೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಬಯೋಕಾನ್ ಅಂತಲೇ ಎಲ್ಲರ ಲೆಕ್ಕ. ಕಾರ್ಖಾನೆಗಳ ಮಟ್ಟಿಗೆ ಅದು ಸರಿ. ಆದ್ರೆ ಸಂಶೋಧನೆಯ ದೊಡ್ಡ ಪಾಲು ಇರೋದು ನಮ್ಮ ಉತ್ತರ ಭಾಗದಲ್ಲಿ. ಈ ಉದ್ಯಮದ ಬಗ್ಗೆ ಸರ್ಕಾರದವರು, ಕಂಪನಿಯವರು ಹೇಳೋ ಕೋಟಿಗಳ ಲೆಕ್ಕ ಏನು, ಇದರಲ್ಲಿ ಇಲ್ಲಿನ ಹುಡುಗರಿಗೆ, ಅಂಗಡಿಯವರಿಗೆ, ಜಮೀನು ಇರೋರಿಗೆ ಬರೋದೇನು ಅನ್ನೋದನ್ನ ಒಂದೇ ಕಡೆ ಸಿಗೋ ಹಾಗೆ ಇಲ್ಲಿ ಕೊಟ್ಟಿದ್ದೇವೆ.

ಶುರುವಾಗಿದ್ದು ದನಗಳಿಂದ

ಜೈವಿಕ ತಂತ್ರಜ್ಞಾನ ಅಂದ್ರೆ ಜೀವಿಗಳನ್ನ, ಅಂದ್ರೆ ಬ್ಯಾಕ್ಟೀರಿಯಾ, ಯೀಸ್ಟ್, ಸಸ್ಯದ ಜೀವಕೋಶ ಇಂಥವನ್ನ ಬಳಸಿ ಮನುಷ್ಯನಿಗೆ ಬೇಕಾದ ವಸ್ತು ತಯಾರಿಸೋದು. ಹಾಗೆ ನೋಡಿದ್ರೆ ಹೆಪ್ಪು ಹಾಕಿ ಮೊಸರು ಮಾಡೋದೂ ಅದೇ. ಹೆಬ್ಬಾಳಕ್ಕೆ ಈ ಕೆಲಸ ಬಂದು ನೂರು ವರ್ಷ ಆಯ್ತು. 1925ರಲ್ಲಿ ಮೈಸೂರು ಸಂಸ್ಥಾನದವರು ಇಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ರು. ಆಗ ದನಗಳಿಗೆ ಬರ್ತಿದ್ದ ದೊಡ್ಡರೋಗ ಊರಿಗೆ ಊರನ್ನೇ ಖಾಲಿ ಮಾಡ್ತಿತ್ತು, ಅದನ್ನ ತಡೆಯೋದೇ ಮೊದಲ ಉದ್ದೇಶ. ಆ ರೋಗ ಪ್ರಪಂಚದಿಂದಲೇ ಹೋಯ್ತು ಅಂತ 2011ರಲ್ಲಿ ಘೋಷಣೆ ಆಯ್ತು. ಅದೇ ಸಂಸ್ಥೆ ಈಗ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ಚಪ್ಪೆ ರೋಗ, ಗಳಲೆ ರೋಗ, ಕುರಿಗಳ ಕರುಳುಬೇನೆಗೆ ಲಸಿಕೆ ತಯಾರಿಸುತ್ತೆ. ಕಾಲುಬಾಯಿ ಜ್ವರದ ಮೇಲೆ ಕೆಲಸ ಮಾಡೋ ಐವಿಆರ್‌ಐ ಕೇಂದ್ರ, ಕೀಟಗಳ ಮೇಲೆ ಕೆಲಸ ಮಾಡೋ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಪಶುವೈದ್ಯಕೀಯ ಕಾಲೇಜು ಎಲ್ಲ ಹೆಬ್ಬಾಳದಲ್ಲೇ ಇವೆ. ಯಾವ ಜಿಲ್ಲೆಯಲ್ಲಿ ಯಾವ ದನದ ರೋಗ ಬರಬಹುದು ಅಂತ ಮುಂಚೆನೇ ಎಚ್ಚರಿಕೆ ಕೊಡೋ ನಿವೇದಿ ಸಂಸ್ಥೆ ಯಲಹಂಕದ ರಾಮಗೊಂಡನಹಳ್ಳಿಯಲ್ಲಿದೆ.

ಹಸು ಸಾಕಿರೋರಿಗೆ ಇನ್ನೊಂದು ಹತ್ತಿರದ ಉದಾಹರಣೆ ಹೆಸರಘಟ್ಟ. ಕೃತಕ ಗರ್ಭಧಾರಣೆಗೆ ಡಾಕ್ಟರು ಕ್ಯಾನ್‌ನಿಂದ ತೆಗೆಯೋ ಸಣ್ಣ ಸ್ಟ್ರಾ ಇರುತ್ತಲ್ಲ, ಅದರಲ್ಲಿರೋ ವೀರ್ಯವನ್ನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿರ್ತಾರೆ. ಅದನ್ನ ತಯಾರಿಸೋ ಕೇಂದ್ರ ಸರ್ಕಾರದ ಸಂಸ್ಥೆ ಅಲ್ಲಿದೆ. ಬಯೋಟೆಕ್ ಅನ್ನೋ ಪದ ಕೇಳದೇ ಇರೋ ಮನೆಗೂ ಬಯೋಟೆಕ್ ಬಂದು ಬಹಳ ದಿನ ಆಗಿದೆ.

ಜಿಕೆವಿಕೆ ಒಳಗೆ ಏನೇನಿದೆ?

ಹೆಬ್ಬಾಳದ ಕೃಷಿ ಫಾರಂ ಶುರುವಾಗಿದ್ದು 1899ರಲ್ಲಿ, ರಾಜಮಾತೆ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ. ಕೃಷಿ ವಿಶ್ವವಿದ್ಯಾಲಯ ಆಗಿದ್ದು 1964ರಲ್ಲಿ. ಆಮೇಲೆ ಜಿಕೆವಿಕೆ ಬಂತು. ಕೃಷಿ ಮೇಳಕ್ಕೆ ಹೋದೋರಿಗೆಲ್ಲ ಗೊತ್ತಿರೋ ಜಾಗ. ಬೆಂಕಿ ರೋಗ ತಡೆಯೋ ಜಿಪಿಯು-28 ರಾಗಿ ಬಂದಿದ್ದು ಇಲ್ಲಿಂದಲೇ. (ಅದು ಜೀನ್ ಸೇರಿಸಿ ಮಾಡಿದ್ದಲ್ಲ, ಮಾಮೂಲಿ ತಳಿ ಸಂಕರಣ. ಎರಡನ್ನೂ ಒಂದೇ ಅಂದುಕೊಳ್ಳೋರು ಬಹಳ ಜನ ಇದ್ದಾರೆ.)

ಇದೇ ಕ್ಯಾಂಪಸ್‌ನಲ್ಲಿ ಎನ್‌ಸಿಬಿಎಸ್ ಇದೆ, ಅಂದ್ರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ್ದು. ಇದನ್ನ ಕಟ್ಟಿದವರು ವಿಜ್ಞಾನಿ ಒಬೈದ್ ಸಿದ್ದಿಕಿ. ಮೊದಲು ಯಶವಂತಪುರ ಪಕ್ಕದ ಐಐಎಸ್ಸಿ ಒಳಗೆ ಇತ್ತು, ಆಮೇಲೆ ಇಲ್ಲಿಗೆ ಬಂತು. ಅದರ ಜೊತೆಗೆ 2009ರಲ್ಲಿ ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್ ಮತ್ತು ಸ್ಟಾರ್ಟಪ್‌ಗಳಿಗೆ ಲ್ಯಾಬ್ ಕೊಡೋ ಸಿ-ಕ್ಯಾಂಪ್ ಬಂದವು. ಜಕ್ಕೂರಿನಲ್ಲಿ 1989ರಲ್ಲಿ ಆದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನೂ ಸೇರಿಸಿದ್ರೆ ಐಐಎಸ್ಸಿಯಿಂದ ಯಲಹಂಕದವರೆಗೆ ಒಂದು ಸರಪಳಿಯೇ ಆಯ್ತು.

ಇಲ್ಲಿ ಆದ ಕೆಲಸ ಜನಕ್ಕೆ ಮುಟ್ಟಿದ್ದಕ್ಕೆ ಒಂದು ಒಳ್ಳೆ ಉದಾಹರಣೆ ಕಿಸಾನ್ ಕವಚ್. ಔಷಧಿ ಹೊಡೆಯುವಾಗ ರೈತರು ಹಾಕಿಕೊಳ್ಳೋ ಅಂಗಿ-ಪ್ಯಾಂಟು ಅದು. ಮಾಮೂಲಿ ರೇನ್‌ಕೋಟ್ ವಿಷವನ್ನ ಬರೀ ತಡೆಯುತ್ತೆ. ಈ ಬಟ್ಟೆ ತನ್ನ ಮೇಲೆ ಬಿದ್ದ ಕೀಟನಾಶಕವನ್ನ ರಾಸಾಯನಿಕವಾಗಿ ಒಡೆದು ಹಾಕುತ್ತೆ. ಇನ್‌ಸ್ಟೆಮ್‌ನ ವಿಜ್ಞಾನಿಗಳು ಒಂದು ಕಂಪನಿ ಜೊತೆ ಸೇರಿ ಮಾಡಿದ್ದು. 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಆಯ್ತು, ಬೆಲೆ ಸುಮಾರು 4,000 ರೂಪಾಯಿ, ಒಗೆದು ಒಗೆದು ಒಂದು ವರ್ಷ ಬಳಸಬಹುದು ಅಂತ ಹೇಳಿದ್ದಾರೆ. ದ್ರಾಕ್ಷಿ, ಟೊಮೆಟೊ, ಗುಲಾಬಿ ಬೆಳೆಯೋ ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಬರೀ ಮೈಯಲ್ಲಿ ಔಷಧಿ ಹೊಡೆಯೋರು ಎಷ್ಟು ಜನ ಅಂತ ಎಲ್ಲರಿಗೂ ಗೊತ್ತು. ಆದ್ರೆ 4,000 ರೂಪಾಯಿ ಕೊಟ್ಟು ಕೂಲಿಯವರಿಗೆ ಯಾರು ಕೊಡಿಸ್ತಾರೆ ಅನ್ನೋದೇ ಪ್ರಶ್ನೆ.

ಬಂದ ಕಂಪನಿ, ಹೋದ ಕಂಪನಿ

ಹೆಬ್ಬಾಳದ ಕಿರ್ಲೋಸ್ಕರ್ ಬಿಸಿನೆಸ್ ಪಾರ್ಕ್ ನೋಡಿರ್ತೀರಿ. ಅಲ್ಲಿ ಬೆಳೆದಿದ್ದು ಸ್ಟ್ರಾಂಡ್ ಲೈಫ್ ಸೈನ್ಸಸ್. 2000ದಲ್ಲಿ ಐಐಎಸ್ಸಿಯ ಪ್ರೊಫೆಸರುಗಳು ಶುರು ಮಾಡಿದ್ರು. ಬಡವರ ಕಂಪ್ಯೂಟರ್ ಅಂತ ಹೆಸರಾಗಿದ್ದ ಸಿಂಪ್ಯೂಟರ್ ಮಾಡಿದ ತಂಡವೂ ಇವರದ್ದೇ. ಡಿಎನ್‌ಎ ಪರೀಕ್ಷೆ ಮಾಡಿ ಕ್ಯಾನ್ಸರ್, ವಂಶವಾಹಿ ಕಾಯಿಲೆ ಪತ್ತೆ ಮಾಡೋ ಕೆಲಸ. 2021ರಲ್ಲಿ ರಿಲಯನ್ಸ್‌ನವರು 393 ಕೋಟಿ ರೂಪಾಯಿಗೆ ಬಹುಪಾಲು ಷೇರು ತಗೊಂಡ್ರು.

ಆಸ್ಟ್ರಾಝೆನೆಕಾದ್ದು ಬೇರೆ ಕಥೆ. ಬಳ್ಳಾರಿ ರಸ್ತೆಯ ಅವರ ಸಂಶೋಧನಾ ಕೇಂದ್ರದಲ್ಲಿ ಕ್ಷಯ, ಮಲೇರಿಯಾಕ್ಕೆ ಔಷಧಿ ಹುಡುಕೋ ಕೆಲಸ ನಡೀತಿತ್ತು. 2014ರ ಜನವರಿಯಲ್ಲಿ ಅದನ್ನ ಮುಚ್ಚೋದಾಗಿ ಕಂಪನಿ ಹೇಳ್ತು, 168 ಜನರ ಕೆಲಸ ಹೋಯ್ತು. ಬಡವರ ಕಾಯಿಲೆಯಲ್ಲಿ ಲಾಭ ಕಮ್ಮಿ, ಅದೇ ಕಷ್ಟ. ಅಲ್ಲಿಂದ ಹೊರಬಂದ ಕೆಲವು ವಿಜ್ಞಾನಿಗಳು ಅದೇ ವರ್ಷ ಬಗ್‌ವರ್ಕ್ಸ್ ಅನ್ನೋ ಕಂಪನಿ ಮಾಡಿ ಸಿ-ಕ್ಯಾಂಪ್‌ಗೆ ಬಂದು ಕೂತ್ರು. ಈಗಿನ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗೆ ಹೊಸ ಔಷಧಿ ಹುಡುಕೋದು ಅವರ ಕೆಲಸ. ಯಲಹಂಕದ ಕಟ್ಟಿಗೇನಹಳ್ಳಿ ಹತ್ತಿರ ಇರೋ ಆಸ್ಟ್ರಾಝೆನೆಕಾ ಮಾತ್ರೆ ಕಾರ್ಖಾನೆಯಿಂದಲೂ ಹೊರಗೆ ಹೋಗೋದಾಗಿ ಕಂಪನಿ 2023ರ ನವೆಂಬರ್‌ನಲ್ಲಿ ಹೇಳಿದೆ. ಒಂದು ಕಾರ್ಖಾನೆ ಅಂದ್ರೆ ಒಳಗಿರೋ ನೌಕರರು ಮಾತ್ರ ಅಲ್ಲ, ಗೇಟಿನ ಎದುರು ಟೀ ಅಂಗಡಿ, ಬಾಡಿಗೆ ಮನೆ, ಟೆಂಪೋ, ಕ್ಯಾಂಟೀನ್ ಕಾಂಟ್ರ್ಯಾಕ್ಟು ಎಲ್ಲ ಅದಕ್ಕೆ ಸೇರಿಕೊಂಡಿರುತ್ತೆ. ಕಂಪನಿ ಬಂದಾಗ ಮಂತ್ರಿಗಳು ಟೇಪು ಕತ್ತರಿಸ್ತಾರೆ, ಹೋಗುವಾಗ ಷೇರು ಮಾರುಕಟ್ಟೆಗೆ ಒಂದು ಪತ್ರ, ಅಷ್ಟೇ.

ಸರ್ಕಾರದ ಹತ್ತಿರ ಇವರ ಪರ ಮಾತಾಡೋರು ಯಾರು?

ಹೋಟೆಲ್‌ನವರಿಗೆ ಹೋಟೆಲ್ ಮಾಲೀಕರ ಸಂಘ ಇರೋ ಹಾಗೆ ಬಯೋಟೆಕ್‌ನವರಿಗೂ ಸಂಘ ಇದೆ. ಹೆಸರು ಏಬಲ್. 2003ರಲ್ಲಿ ಶುರುವಾಯ್ತು, ಕಚೇರಿ ಬೆಂಗಳೂರಲ್ಲೇ. ಮೊದಲ ಅಧ್ಯಕ್ಷೆ ಕಿರಣ್ ಮಜುಂದಾರ್ ಷಾ. 1978ರಲ್ಲಿ 10,000 ರೂಪಾಯಿ ಬಂಡವಾಳ ಹಾಕಿ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದವರು. ಆಗ ಅವರು ಮಾಡಿದ್ದು ಪರಂಗಿ ಕಾಯಿ ಹಾಲಿನಿಂದ ತೆಗೆಯೋ ಪಪೈನ್ ಅನ್ನೋ ಕಿಣ್ವ. ಸ್ಟ್ರಾಂಡ್‌ನ ವಿಜಯ್ ಚಂದ್ರು ಕೂಡ ಏಬಲ್ ಅಧ್ಯಕ್ಷರಾಗಿದ್ರು. ತೆರಿಗೆ ರಿಯಾಯ್ತಿ ಕೊಡಿ, ಅನುಮತಿ ಬೇಗ ಕೊಡಿ, ಸಂಶೋಧನೆಗೆ ದುಡ್ಡು ಕೊಡಿ ಅಂತ ಕೇಳೋದೇ ಸಂಘದ ಕೆಲಸ. ಅದರಲ್ಲಿ ತಪ್ಪೇನಿಲ್ಲ, ಎಲ್ಲ ಸಂಘದವರೂ ಮಾಡೋದೇ. ಆದ್ರೆ ಸಣ್ಣ ಅಂಗಡಿಯವರ ಸಂಘಕ್ಕೆ ವಿಧಾನಸೌಧದಲ್ಲಿ ಅಷ್ಟು ಸುಲಭವಾಗಿ ಬಾಗಿಲು ತೆಗೆಯಲ್ಲ.

ರಾಜ್ಯ ಸರ್ಕಾರ ಇವರ ಮಾತು ಕೇಳಿದೆ. 2001ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಕರ್ನಾಟಕ ಬಯೋಟೆಕ್ ನೀತಿ ತಂತು, ಅದೇ ವರ್ಷ ಬೆಂಗಳೂರು ಬಯೋ ಮೇಳ ಶುರುವಾಯ್ತು. ಆ ಮೇಳ ಈಗ ಬೆಂಗಳೂರು ಟೆಕ್ ಸಮ್ಮಿಟ್ ಒಳಗೆ ಸೇರಿಕೊಂಡಿದೆ. 2025ರಲ್ಲಿ ಅದು ಅರಮನೆ ಮೈದಾನ ಬಿಟ್ಟು ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರಕ್ಕೆ ಬಂತು. ಕೇಂದ್ರದಲ್ಲಿ 1986ರಿಂದ ಜೈವಿಕ ತಂತ್ರಜ್ಞಾನ ಇಲಾಖೆ, 2012ರಿಂದ ಸ್ಟಾರ್ಟಪ್‌ಗಳಿಗೆ ದುಡ್ಡು ಕೊಡೋ ಬೈರಾಕ್, 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಬಯೋಇ3 ನೀತಿ ಇವೆ.

ಆ 14 ಲಕ್ಷ ಕೋಟಿ ಯಾವುದು?

ಭಾಷಣಗಳಲ್ಲಿ ಪದೇಪದೇ ಕೇಳೋ ಪದ ಜೈವಿಕ ಆರ್ಥಿಕತೆ. 2014ರಲ್ಲಿ ಇದು 1,000 ಕೋಟಿ ಡಾಲರ್ ಇತ್ತು, 2024ಕ್ಕೆ 16,570 ಕೋಟಿ ಡಾಲರ್ ಆಗಿದೆ, 2030ಕ್ಕೆ 30,000 ಕೋಟಿ ಡಾಲರ್ ಮಾಡ್ತೀವಿ ಅಂತ ಕೇಂದ್ರ ಸರ್ಕಾರ ಹೇಳುತ್ತೆ. ಡಾಲರಿಗೆ 85 ರೂಪಾಯಿ ಲೆಕ್ಕ ಹಿಡಿದ್ರೆ 2024ರದ್ದು ಸುಮಾರು 14 ಲಕ್ಷ ಕೋಟಿ ರೂಪಾಯಿ, ದೇಶದ ಜಿಡಿಪಿಯಲ್ಲಿ ಶೇ 4.25. ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರದ ನಂತರ ಕರ್ನಾಟಕ.

ಕೇಳೋಕೆ ಭಾರಿ ಅನ್ಸುತ್ತೆ. ಒಳಗೆ ಇಣುಕಿ ನೋಡಬೇಕು. ಇದರಲ್ಲಿ ಹೆಚ್ಚುಕಮ್ಮಿ ಅರ್ಧ, ಶೇ 47, ಕೈಗಾರಿಕಾ ಬಯೋಟೆಕ್. ಅದರೊಳಗೆ ಕಬ್ಬು, ಧಾನ್ಯದಿಂದ ತೆಗೆಯೋ ಎಥನಾಲ್ ಕೂಡ ಬರುತ್ತೆ. ಅಂದ್ರೆ ನೀವು ಯಲಹಂಕದ ಬಂಕಿನಲ್ಲಿ ಬೈಕಿಗೆ ಹಾಕಿಸೋ ಪೆಟ್ರೋಲಿನಲ್ಲಿರೋ ಶೇ 20 ಎಥನಾಲ್ ಕೂಡ ಜೈವಿಕ ಆರ್ಥಿಕತೆ. 2014ರಲ್ಲಿ ಪೆಟ್ರೋಲಿಗೆ ಶೇ 2ರಷ್ಟೂ ಬೆರೆಸ್ತಿರಲಿಲ್ಲ. ಔಷಧಿ, ಲಸಿಕೆ ಪಾಲು ಶೇ 35 ಆಸುಪಾಸು. ಇನ್ನೊಂದು ವಿಷಯ, ಈ ವರದಿ ತಯಾರಿಸೋದು ಬೈರಾಕ್ ಪರವಾಗಿ ಅದೇ ಏಬಲ್ ಸಂಘ. ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಉದ್ಯಮ ಎಷ್ಟು ದೊಡ್ಡದು ಅಂತ ಉದ್ಯಮದವರೇ ಅಳೆದು ಹೇಳಿದಾಗ ಆ ಅಳತೆಯನ್ನ ಹಾಗೇ ಓದಿಕೊಳ್ಳಬೇಕು. 16 ಪಟ್ಟು ಬೆಳೆದಿದೆ ಅಂದ ಮಾತ್ರಕ್ಕೆ ಕೆಲಸಗಳೂ 16 ಪಟ್ಟು ಆಗಿವೆ ಅಂತಲ್ಲ.

ನಿಮ್ಮ ಅಂಗಡಿ ಕಪಾಟಿನಲ್ಲೂ ಇದೆ

ಬಟ್ಟೆ ಒಗೆಯೋ ಪುಡಿಯಲ್ಲಿ ಕಲೆ ತೆಗೆಯೋ ಕಿಣ್ವ, ಬೇಕರಿ ಬ್ರೆಡ್ಡಿನಲ್ಲಿ ಅಮೈಲೇಸ್, ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ಯೀಸ್ಟ್ ಅಥವಾ ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್, ಹಣ್ಣಿನ ಅಂಗಡಿಯಲ್ಲಿ ಅಂಗಾಂಶ ಕೃಷಿಯಿಂದ ಬಂದ ಜಿ-9 ಪಚ್ಚೆ ಬಾಳೆ. ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ತು, ಹತ್ತಿ ಬೀಜದ ಎಣ್ಣೆ ಅಡುಗೆಗೂ ಬಳಕೆ ಆಗುತ್ತೆ.

ಬಿಟಿ ಬದನೆ ಮಾತ್ರ ಬರಲಿಲ್ಲ. ಉಡುಪಿ ಗುಳ್ಳ ಸೇರಿ ನಮ್ಮ ನಾಟಿ ಬದನೆಗಳಿಗೆ ಬಿಟಿ ಜೀನ್ ಸೇರಿಸೋ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದಿತ್ತು. 2010ರ ಫೆಬ್ರವರಿ 6ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರಲ್ಲಿ ಸಾರ್ವಜನಿಕ ಸಭೆ ಮಾಡಿದ್ರು, ರೈತರು, ವಿಜ್ಞಾನಿಗಳು, ಕಂಪನಿಯವರು ಎಲ್ಲರೂ ಬಂದು ವಾದ ಮಾಡಿದ್ರು. ಮೂರೇ ದಿನಕ್ಕೆ ತಡೆ ಬಿತ್ತು. ಅದಕ್ಕೂ ಮುಂಚೆ, 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಮಾನ್ಸಾಂಟೊ ವಿರುದ್ಧ ಬಿಟಿ ಹತ್ತಿ ಪ್ರಯೋಗದ ಹೊಲಗಳಿಗೇ ಬೆಂಕಿ ಹಚ್ಚಿತ್ತು. ಉದ್ಯಮದವರು ಇವತ್ತಿಗೂ ಈ ತಡೆಯನ್ನ ದೊಡ್ಡ ಹಿನ್ನಡೆ ಅಂತಾರೆ. ಬೀಜದ ಹಕ್ಕು ಯಾರದ್ದು ಅನ್ನೋ ರೈತರ ಪ್ರಶ್ನೆಗೆ ಅವರ ಹತ್ತಿರ ಸರಿಯಾದ ಉತ್ತರ ಇನ್ನೂ ಬಂದಿಲ್ಲ.

ಕೆಲಸ ಯಾರಿಗೆ?

ಬಿಎಸ್ಸಿ ಬಯೋಟೆಕ್ ಸೇರಿಸಿದ್ರೆ ಮಗನಿಗೆ ಕೆಲಸ ಗ್ಯಾರಂಟಿನಾ ಅಂತ ಕೇಳೋ ತಂದೆ-ತಾಯಿಗೆ ನೇರ ಉತ್ತರ: ಬರೀ ಬಿಎಸ್ಸಿ ಸಾಲಲ್ಲ. ಸ್ಟಾರ್ಟಪ್‌ಗಳು ಚಿಕ್ಕವು, ತಗೊಳ್ಳೋದು ಹೆಚ್ಚಾಗಿ ಎಂಎಸ್ಸಿ, ಪಿಎಚ್‌ಡಿ ಆದೋರನ್ನ. ಕಾಲೇಜಿನಲ್ಲಿ ಕಲಿತದ್ದಕ್ಕೂ ಲ್ಯಾಬಿನಲ್ಲಿ ಬೇಕಾದದ್ದಕ್ಕೂ ಅಂತರ ಇದೆ ಅಂತ ಸರ್ಕಾರಕ್ಕೇ ಗೊತ್ತಾಗಿ ಬೈಸೆಪ್ ಅನ್ನೋ ಕೌಶಲ ತರಬೇತಿ ಶುರು ಮಾಡಿದೆ. ಪದವಿ ಆದ ಮೇಲೆ ಸೇರಬಹುದಾದ ಪಿಜಿ ಡಿಪ್ಲೊಮಾ ಅದು, ಕಂಪನಿಯಲ್ಲಿ ಇಂಟರ್ನ್‌ಶಿಪ್ಪೂ ಇರುತ್ತೆ. ಸೇರಿಸೋ ಮುಂಚೆ ಕಾಲೇಜಿನಲ್ಲಿ ಲ್ಯಾಬ್ ನೋಡಿ, ಉಪಕರಣದ ಮೇಲೆ ಧೂಳು ಕೂತಿದೆಯಾ ಅಂತ ನೋಡಿ. ಬಯೋಟೆಕ್ ಜೊತೆ ಕಂಪ್ಯೂಟರ್ ಕಲಿತ ಹುಡುಗರಿಗೆ ದಾರಿ ಸ್ವಲ್ಪ ಸಲೀಸು. ಓದು ಕಮ್ಮಿ ಇರೋರಿಗೆ ಸಿಗೋದು ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್, ಎಸಿ-ಫ್ರೀಜರ್ ರಿಪೇರಿ, ಔಷಧಿ ಸಾಗಿಸೋ ತಣ್ಣನೆ ಗಾಡಿಗಳ ಡ್ರೈವಿಂಗ್. ಇದರಲ್ಲಿ ಫ್ರೀಜರ್ ರಿಪೇರಿಯನ್ನ ಹಗುರವಾಗಿ ನೋಡಬೇಡಿ. ಮೈನಸ್ 80 ಡಿಗ್ರಿಯ ಫ್ರೀಜರ್ ಕೆಟ್ರೆ ಒಬ್ಬ ವಿಜ್ಞಾನಿಯ ಹತ್ತು ವರ್ಷದ ಮಾದರಿ ಒಂದೇ ರಾತ್ರಿಯಲ್ಲಿ ಹಾಳಾಗುತ್ತೆ. ಐಟಿಐ ಮಾಡಿದ ಹುಡುಗರು ಇದನ್ನ ಕಲಿತ್ರೆ ಏರ್‌ಪೋರ್ಟ್ ಕಾರ್ಗೋದಿಂದ ಹಿಡಿದು ಆಸ್ಪತ್ರೆವರೆಗೆ ಕೆಲಸ ಇದೆ.

ಜಮೀನು ಇರೋರು ಗಮನಿಸಬೇಕಾದ್ದು

ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆ ನಡುವೆ ಸುಮಾರು 5,800 ಎಕರೆಯಲ್ಲಿ ಕ್ವಿನ್ ಸಿಟಿ ಮಾಡ್ತೀವಿ ಅಂತ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಘೋಷಿಸಿದೆ. ಅಲ್ಲಿಗೆ ತರಬೇಕು ಅಂತಿರೋದರಲ್ಲಿ ಜೀವವಿಜ್ಞಾನ ಕಂಪನಿಗಳೂ ಇವೆ. ಇನ್ನೊಂದು ಕಡೆ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ತಗೊಳ್ಳೋ ಪ್ರಸ್ತಾಪವನ್ನ ರೈತರು ಮೂರು ವರ್ಷಕ್ಕೂ ಹೆಚ್ಚು ಹೋರಾಡಿ 2025ರ ಜುಲೈನಲ್ಲಿ ಸರ್ಕಾರ ಕೈಬಿಡೋ ಹಾಗೆ ಮಾಡಿದ್ರು. ಹೆಸರು ಬಯೋಟೆಕ್ ಇರಲಿ, ಏರೋಸ್ಪೇಸ್ ಇರಲಿ, ಜಮೀನು ಹೋಗೋ ದಾರಿ ಒಂದೇ, ಕೆಐಎಡಿಬಿ ಕಾಯ್ದೆ.

ಅದರ ಪ್ರಕಾರ 28(1) ಅನ್ನೋದು ಪ್ರಾಥಮಿಕ ಅಧಿಸೂಚನೆ. ಆಮೇಲೆ 28(2)ರಲ್ಲಿ ಮಾಲೀಕರಿಗೆ ನೋಟಿಸ್ ಬರುತ್ತೆ, ಆಕ್ಷೇಪಣೆ ಹೇಳೋಕೆ ಇರೋ ಅವಕಾಶ ಅದೇ. 28(4) ಅಂತಿಮ ಅಧಿಸೂಚನೆ, ಅದಾದ್ರೆ ಜಮೀನು ಸರ್ಕಾರದ್ದು. ಬ್ರೋಕರುಗಳು ಪಾರ್ಕ್ ಬರುತ್ತೆ, ಈಗಲೇ ಮಾರಿ ಅಂತ ಬಂದ್ರೆ ಅಡ್ವಾನ್ಸ್ ಮುಟ್ಟೋ ಮುಂಚೆ ನಿಮ್ಮ ಸರ್ವೆ ನಂಬರ್ ಮೇಲೆ ಯಾವ ಅಧಿಸೂಚನೆ ಆಗಿದೆ ಅಂತ ಕೆಐಎಡಿಬಿ ಭೂಸ್ವಾಧೀನ ಕಚೇರಿಯಲ್ಲಿ ಕೇಳಿ, ಪಹಣಿಯ 11ನೇ ಕಾಲಂ ನೋಡಿ. ನೋಟಿಸ್ ಬಂದ್ರೆ ಆಕ್ಷೇಪಣೆಯನ್ನ ಬರೆದೇ ಕೊಡಿ, ಸೀಲು ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.