ಆಟಕ್ಕೆ ಮೊದಲಿನ ಪಂಚಾಯ್ತಿ

ಚೌಕಾಬಾರಕ್ಕೆ ಎರಡು ಭಾಗ. ಮೊದಲನೆಯದು ಜಗಳ, ಎರಡನೆಯದು ಆಟ. ನಂಜನಗೂಡು ತಾಲ್ಲೂಕಿನ ನಮ್ಮ ದೇವನೂರಿನಲ್ಲಿ ಕವಡೆ ಕೈಗೆ ಬರುವ ಮೊದಲೇ ಕಾಲು ಗಂಟೆ ಪಂಚಾಯ್ತಿ ನಡೆಯುತ್ತಿತ್ತು. ಈಚೆಗೆ ಮೊಮ್ಮಗ, ವಿಡಿಯೊ ಗೇಮ್ ಮಾಡುವವರು ಆಟಕ್ಕೆ ಹೊಸದಾಗಿ ಏನು ಸೇರಿಸಬೇಕೆಂದು ಆಡುವವರಿಂದಲೇ ವೋಟು ಹಾಕಿಸುತ್ತಾರೆ ಎಂದು ದೊಡ್ಡ ಸುದ್ದಿಯಂತೆ ಹೇಳಿದ. ನಮ್ಮ ಜಗಲಿಯ ಪಂಚಾಯ್ತಿ ಅವನಿಗೆ ಗೊತ್ತಿಲ್ಲವಲ್ಲ, ಬರೆದಿಡೋಣ ಅನ್ನಿಸಿತು.

ಅಜ್ಜಿ ಜಗಲಿಯ ಮೇಲೆ ಇದ್ದಿಲಿನಿಂದ ಐದೈದರ ಸಾಲಿನಲ್ಲಿ 25 ಮನೆ ಬರೆಯುತ್ತಿದ್ದಳು. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೀರು. ಬದಿಯವು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಮಧ್ಯಕ್ಕೆ ಸೇರಿದ ಕಾಯಿ ಹಣ್ಣು. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬಳಿಗೆ ಬಳೆಚೂರು, ಇನ್ನೊಬ್ಬಳಿಗೆ ಕಡ್ಡಿ, ಮತ್ತೊಬ್ಬಳಿಗೆ ಬೆಣಚುಕಲ್ಲು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಒಂದು ಮೈ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಹಾಕಬಹುದು.

ಇಷ್ಟರಲ್ಲಿ ಯಾರದೂ ತಕರಾರಿಲ್ಲ. ತಕರಾರೆಲ್ಲ ಮುಂದಿನದರಲ್ಲಿ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೆ? ಮೇಲಿಂದ ಮೇಲೆ ಮೂರು ಸಲ ಚೌಕವೋ ಬಾರವೋ ಬಿದ್ದರೆ ಲೆಕ್ಕಕ್ಕುಂಟೋ, ಸುಟ್ಟುಹೋಯಿತೋ? ನಮ್ಮವೇ ಎರಡು ಕಾಯಿ ಒಂದೇ ಮನೆಯಲ್ಲಿ ಸೇರಿದರೆ ಗಟ್ಟಿ ಆಯಿತೆ, ಒಂಟಿ ಕಾಯಿ ಅದನ್ನು ಹೊಡೆಯುವಂತಿಲ್ಲವೆ?

“ಗಟ್ಟಿ ಬ್ಯಾಡ ಕನವ್ವ, ಗಟ್ಟಿ ಇಟ್ಕಂಡ್ರೆ ದನ ಬರೋಗಂಟ ಮುಗಿಯಲ್ಲ” ಎನ್ನುತ್ತಿದ್ದಳು ಚಿಕ್ಕವ್ವ. ಅವಳಿಗೆ ಸಂಜೆಯ ಒಲೆ ಹಚ್ಚುವ ಚಿಂತೆ. ಶಿವರಾತ್ರಿ ಜಾಗರಣೆಯಲ್ಲಿ ಅದೇ ಚಿಕ್ಕವ್ವ ಗಟ್ಟಿ ಬೇಕೇ ಬೇಕು ಎಂದು ಹಟ ಹಿಡಿಯುತ್ತಿದ್ದಳು. ಬೆಳಗಿನ ತನಕ ಆಟ ಎಳೆಯಬೇಕಲ್ಲ. ಕೈ ಎತ್ತಿಸಿ ಎಣಿಸಿದ್ದನ್ನು ನಾನು ಕಂಡಿಲ್ಲ. ಮೂವರು ಒಂದಾಗಿ ನಾಲ್ಕನೆಯವಳು ಮುನಿಸಿಕೊಂಡು ಎದ್ದರೆ ಒಂದು ಕಟ್ಟೆ ಖಾಲಿ. ಹಾಗಾಗಿ ಕೊಟ್ಟು ತೆಗೆದುಕೊಳ್ಳಬೇಕಿತ್ತು: ನಿನ್ನ ಮಾತಿಗೆ ಗಟ್ಟಿ ಇರಲಿ, ನನ್ನ ಮಾತಿಗೆ ಹೊಡೆಯದೆ ಒಳಸುತ್ತಿಗೆ ಹೋಗೋದು ಬೇಡ. ಅಳಗುಳಿ ಮಣೆಯಲ್ಲೂ ಅಷ್ಟೆ. 14 ಗುಳಿ ಎಲ್ಲರಿಗೂ ಒಂದೇ. ಗುಳಿಗೆ ನಾಲ್ಕು ಬೀಜವೋ ಐದೋ ಎನ್ನುವುದು ಕೂತವರ ಒಪ್ಪಂದ.

ಹಂಪಿಯ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ನೋಡಬಹುದು. ಗೆರೆ ಉಳಿದಿದೆ, ಆವತ್ತು ಕೂತವರು ಮಾಡಿಕೊಂಡ ಒಪ್ಪಂದ ಉಳಿದಿಲ್ಲ. ಅದು ಬಾಯಲ್ಲಿದ್ದದ್ದು, ಆಟದ ಜೊತೆಗೇ ಮುಗಿಯಿತು.

ಇದಕ್ಕೆ ಪೂರಾ ಎದುರಾದದ್ದು ನಮ್ಮ ಮೈಸೂರಲ್ಲೇ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಆಟವೆಂದರೆ ಪ್ರಾಣ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರ ಬುದ್ಧಿಗೆ ಬೇರೆ ಹೊಲ ಬೇಕಾಗಿತ್ತು. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಕಟ್ಟಿದರು. ಅವರ ‘ಶ್ರೀತತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಅವರೇ ರೂಪಿಸಿದ ಎಲೆಯಾಟಗಳ ವಿವರವಿದೆ, ಚಾಮುಂಡೇಶ್ವರಿ ಛದದಲ್ಲಿ 320 ಎಲೆ. ಚಿತ್ರ ನೋಡಿದರೆ ಕಣ್ಣು ತಣಿಯುತ್ತದೆ. ಆದರೆ 320 ಎಲೆ ಕಲಸಿ ಹಂಚುವವರು ಯಾರು? ಗಟ್ಟಿ ಬ್ಯಾಡ ಕನಪ್ಪ ಎಂದು ಅರಸರಿಗೆ ಹೇಳುವ ಚಿಕ್ಕವ್ವ ಅಲ್ಲಿರಲಿಲ್ಲ. ಆ ಆಟಗಳು ವಸ್ತುಪ್ರದರ್ಶನಕ್ಕೆ ಸಂದವು. ಇದ್ದಿಲಿನ 25 ಮನೆ ಇವತ್ತೂ ಜಗಲಿಗಳಲ್ಲಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನದಲ್ಲಿ ಅರಸರ ಆಟವನ್ನೂ ಅಜ್ಜಿಯರ ಆಟವನ್ನೂ ಒಟ್ಟಿಗೆ ಇಟ್ಟು ತೋರಿಸಿದೆ. ಸುತ್ತೂರು ಜಾತ್ರೆಯಲ್ಲಿ ಕುಸ್ತಿ, ಗಾಳಿಪಟದ ಜೊತೆಗೆ ದೇಸಿ ಆಟಗಳಿಗೂ ಪಂದ್ಯವಿದೆ.

ಪಂಚಾಯ್ತಿಗೆ ಮೊದಲ ಪೆಟ್ಟು ಕೊಟ್ಟದ್ದು ರಟ್ಟಿನ ಡಬ್ಬಿ. ನಮ್ಮ ಪಚ್ಚೀಸಿಯೇ ಸರಳವಾಗಿ ಇಂಗ್ಲೆಂಡಿನಲ್ಲಿ ಲೂಡೊ ಎಂದು ಹೊರಟಿತು; ನಿಯಮ ಡಬ್ಬಿಯ ಮೇಲೇ ಅಚ್ಚಾಗಿ ಬಂತು. ಆದರೂ ಅಚ್ಚಾದದ್ದನ್ನು ಮಡಿಚಿಟ್ಟು ನಮ್ಮಿಷ್ಟಕ್ಕೆ ಆಡಬಹುದಿತ್ತು. ಫೋನಿನ ಲೂಡೊದಲ್ಲಿ ಅದೂ ಇಲ್ಲ. ನಿಯಮ ಯಂತ್ರದೊಳಗಿದೆ, ಬಗ್ಗಿಸಲು ಕೈ ಹೋಗುವುದಿಲ್ಲ, ಕಳ್ಳಾಟಕ್ಕೂ ಜಾಗವಿಲ್ಲ. ಹಾಗಾದಾಗಲೇ ವೋಟು ಬೇಕಾದದ್ದು. ಬಾಯಲ್ಲಿದ್ದ ನಿಯಮ ಕಂಪನಿಯ ಕೈಗೆ ಹೋದ ಮೇಲೆ ಆಡುವವರು ಅರ್ಜಿ ಹಾಕಬೇಕಾಯಿತು.

ಅರ್ಜಿಗಳಲ್ಲೂ ತರತರ. ಜಾಗೆಕ್ಸ್ ಎಂಬ ಬ್ರಿಟಿಷ್ ಕಂಪನಿ 2013ರಲ್ಲಿ, ತನ್ನ ಆಟವನ್ನು 2007ರಲ್ಲಿ ಇದ್ದ ಹಾಗೆಯೇ ಮತ್ತೆ ತರಬೇಕೆ ಎಂದು ಆಡುವವರನ್ನು ಕೇಳಿ, ಅವರ ವೋಟಿನ ಮೇಲೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಶುರುಮಾಡಿತು. ಆಮೇಲೆ ಬಹುಕಾಲ, ಹೊಸದೇನನ್ನು ಸೇರಿಸಲೂ ನೂರಕ್ಕೆ 75 ಮಂದಿ ಒಪ್ಪಬೇಕಿತ್ತು. ಇದು ನಮ್ಮ ಜಗಲಿಗೆ ಹತ್ತಿರ. ಬರೀ ಅರ್ಧಕ್ಕಿಂತ ಒಂದು ಹೆಚ್ಚು ಸಾಲದು. ಮೈನ್‌ಕ್ರಾಫ್ಟ್ ಎಂಬ ಆಟ ಮಾಡುವವರದು ಬೇರೆ ದಾರಿ. 2023ರಲ್ಲಿ ಏಡಿ, ಪೆಂಗ್ವಿನ್, ಆರ್ಮಡಿಲ್ಲೊ ಎಂಬ ಮೂರು ಪ್ರಾಣಿಗಳಲ್ಲಿ ಒಂದನ್ನು ಆರಿಸಿ ಎಂದರು. ಆರ್ಮಡಿಲ್ಲೊ ಗೆದ್ದಿತು. ಮೂರನ್ನೂ ಮಾಡಬಲ್ಲವರು ನಮ್ಮನ್ನೇಕೆ ಹೀಗೆ ಹೊಡೆದಾಡಿಸುತ್ತೀರಿ ಎಂದು ಲಕ್ಷಗಟ್ಟಲೆ ಸಹಿ ಬಿದ್ದವು. ಮರುವರ್ಷ ಆ ವೋಟನ್ನೇ ನಿಲ್ಲಿಸಿದರು. ಸೋತವರನ್ನು ಮತ್ತೆ ಕೂರಿಸಿಕೊಂಡು ಆಡಬೇಕೆಂಬ ಕಟ್ಟು ಆ ವೋಟಿನಲ್ಲಿರಲಿಲ್ಲ. ಜಗಲಿಯ ಮೇಲೆ ಅದೇ ಮುಖ್ಯವಾಗಿತ್ತು.

ಹಾಗೆಂದು ಜಗಲಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಜಗಲಿ ಹತ್ತಬಹುದಾದವರಿಗೆ ಮಾತ್ರ ಅಲ್ಲಿ ಮಾತು. ಕೇರಿಯ ಮಕ್ಕಳು ಅದೇ 25 ಮನೆಯನ್ನು ತಮ್ಮ ಬೀದಿಯ ಮಣ್ಣಿನಲ್ಲಿ ಗೀಚಿ ತಮ್ಮದೇ ಪಂಚಾಯ್ತಿ ಮಾಡಿಕೊಳ್ಳುತ್ತಿದ್ದರು. ನಮ್ಮ ಆಟಕ್ಕೆ ಅವರನ್ನು ಯಾರೂ ಕರೆಯಲಿಲ್ಲ. 1948ರಲ್ಲಿ ನಮ್ಮೂರಲ್ಲೇ ಹುಟ್ಟಿದ ದೇವನೂರ ಮಹಾದೇವ ಅವರನ್ನು ಓದಿದ ಮೇಲೆ ನಮ್ಮ ಜಗಲಿ ಎಷ್ಟು ಎತ್ತರದಲ್ಲಿತ್ತು ಎನ್ನುವುದು ನನಗೆ ಕಂಡಿತು. ಎಲ್ಲರೂ ಒಪ್ಪಿದ ನಿಯಮ ಎಂದು ನಾವು ಬೀಗುತ್ತಿದ್ದುದು, ಮೊದಲೇ ಆರಿಸಿ ಕೂರಿಸಿದ ನಾಲ್ವರ ಒಪ್ಪಿಗೆ.

ಆಮೇಲೆ ನಾನು ತಿ. ನರಸೀಪುರದ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರಾದೆ. ಮಳೆ ಬಂದ ದಿನ ವರಾಂಡದಲ್ಲಿ ಸೀಮೆಸುಣ್ಣದ ಚೌಕಾಬಾರ. ಎಲ್ಲ ಬೀದಿಯ ಮಕ್ಕಳೂ ಒಂದೇ ನೆಲದ ಮೇಲೆ, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ನಿಯಮ. ಜಗಳ ಹತ್ತಿದಾಗ ನಾಲ್ಕನೇ ಕ್ಲಾಸಿನವರೇ ಒಂದು ಕಟ್ಟುಪಾಡು ಮಾಡಿಕೊಂಡರು: ಹೊಸದಾಗಿ ಬಂದು ಕೂತವರು ಮೊದಲು ಹೇಳಲಿ, ಹಳಬರು ಆಮೇಲೆ. ವೋಟು ಎಣಿಸುವ ಕಂಪನಿಗಳು ಆ ವರಾಂಡದಿಂದ ಇದೊಂದನ್ನು ಕಲಿತರೆ ಸಾಕು. ಹಳಬರು ತಮಗೆ ಬೇಕಾದ್ದನ್ನು ಹೇಗೂ ಕೇಳಿ ಪಡೆಯುತ್ತಾರೆ. ಆಟ ಮುಂದಕ್ಕೆ ಹೋಗುವುದು ಹೊಸಬರಿಂದ.