ಬಾಸೆಲಿನ ಇಬ್ಬರು ವಿದ್ಯಾರ್ಥಿಗಳು

ಮಗನನ್ನು ಓದಿಗೆಂದು ಪರದೇಶಕ್ಕೆ ಕಳುಹಿಸಿದ ತಂದೆಗೆ ಎರಡು ಬಗೆಯ ಚಿಂತೆಗಳುಂಟು. ಹುಡುಗನು ಅಲ್ಲಿ ಕ್ಷೇಮದಿಂದಿರುವನೆ ಎಂಬುದು ಒಂದು. ಪಾಠವನ್ನು ಬಿಟ್ಟು ಊರು ನೋಡುತ್ತ ಅಲೆಯುತ್ತಿರುವನೋ ಏನೋ ಎಂಬುದು ಇನ್ನೊಂದು. ಮೊದಲನೆಯದು ನ್ಯಾಯವಾದ ಚಿಂತೆ. ಎರಡನೆಯದನ್ನು ಕುರಿತು ಮಾತ್ರ, ಅಲೆಯುವ ಹುಡುಗರ ಪರವಾಗಿ, ಚರಿತ್ರೆಯನ್ನು ಓದುವವರು ಒಂದೆರಡು ಮಾತು ಹೇಳಬೇಕಾಗಿದೆ. ಹದಿನಾರನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಒಂದೇ ಮನೆಯಿಂದ ಇಬ್ಬರು, 43 ವರ್ಷಗಳ ಅಂತರದಲ್ಲಿ, ವೈದ್ಯವನ್ನು ಕಲಿಯುವುದಕ್ಕಾಗಿ ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ಮಾಂಪೆಲಿಯೆ ನಗರಕ್ಕೆ ಹೋದರು. ಅಲ್ಲಿ ಅವರಿಗೆ ಹೇಳಿಕೊಟ್ಟ ಔಷಧಗಳನ್ನು ಇಂದು ಯಾರೂ ಕುಡಿಯುವುದಿಲ್ಲ. ಪಾಠದ ಹೊರಗೆ ಅವರು ಕಂಡು ಬರೆದಿಟ್ಟುದನ್ನಾದರೋ ವಿದ್ವಾಂಸರು ಇಂದಿಗೂ ಸಾಲುಸಾಲಾಗಿ ಪರೀಕ್ಷಿಸಿ ಓದುತ್ತಿದ್ದಾರೆ.

ಮೊದಲು ಇವರ ತಂದೆಯ ವಿಷಯವನ್ನು ಹೇಳಬೇಕು. ಹಿರಿಯ ಥಾಮಸ್ ಪ್ಲಾಟರನು ಆಲ್ಪ್ಸ್ ಬೆಟ್ಟಗಳ ನಡುವಿನ ವಾಲೆ ಸೀಮೆಯಲ್ಲಿ ಆಡು ಕಾಯುತ್ತಿದ್ದ ಬಡ ಹುಡುಗ. ಓದಬೇಕೆಂಬ ಆಸೆಯಿಂದ ಮನೆ ಬಿಟ್ಟವನು, ವಯಸ್ಸಾದ ವಿದ್ಯಾರ್ಥಿಗಳ ಹಿಂದೆ, ಅವರಿಗೂ ತನಗೂ ಭಿಕ್ಷೆ ಎತ್ತುತ್ತ, ಜರ್ಮನಿಯ ಊರೂರು ಅಲೆದನು. ನಮ್ಮ ನಾಡಿನ ವಾರಾನ್ನದ ಹುಡುಗರ ಪಾಡು ಇದಕ್ಕಿಂತ ಎಷ್ಟೋ ಮೇಲು. ಬಾಸೆಲಿನಲ್ಲಿ ಹಗ್ಗ ಹೊಸೆಯುವ ಕೆಲಸ ಮಾಡುತ್ತ ಹೀಬ್ರೂ ಭಾಷೆಯನ್ನು ಅಭ್ಯಾಸಮಾಡಿದನು. ಅಚ್ಚಿನ ಮನೆಯಲ್ಲಿ ಪಾಲುದಾರನಾಗಿ 1536ರಲ್ಲಿ ಕಾಲ್ವಿನನ ಪ್ರಸಿದ್ಧ ಮತಗ್ರಂಥವನ್ನು ಮೊದಲ ಬಾರಿಗೆ ಬೆಳಕಿಗೆ ತಂದನು. ಕೊನೆಗೆ ನಗರದ ಶಾಲೆಯ ಮುಖ್ಯೋಪಾಧ್ಯಾಯನಾದನು. ಆ ವೇಳೆಗೆ ಅವನ ಮಕ್ಕಳಲ್ಲಿ ಒಬ್ಬೊಬ್ಬರೇ ತೀರಿಹೋಗುತ್ತ ಬಂದಿದ್ದರು. ಉಳಿದಿದ್ದ ಮಗಳನ್ನು 1551ರಲ್ಲಿ ಪ್ಲೇಗು ಒಯ್ದಿತು. ಪ್ಲೇಗು ಮನೆಗಳನ್ನು ಹೇಗೆ ಬರಿದುಮಾಡುವುದೆಂಬುದನ್ನು ಮೈಸೂರು ಬೆಂಗಳೂರುಗಳ ಹಿರಿಯರು 1898ರಲ್ಲಿ ಕಂಡಿದ್ದರು, ಇಲ್ಲಿ ವಿಸ್ತರಿಸಬೇಕಾಗಿಲ್ಲ. ಉಳಿದವನು ಫೆಲಿಕ್ಸ್ ಒಬ್ಬನೇ. ಆ ಒಬ್ಬನನ್ನೇ ತಂದೆಯು 1552ರ ಅಕ್ಟೋಬರಿನಲ್ಲಿ ಫ್ರಾನ್ಸಿಗೆ ಕಳುಹಿಸಿದನು.

ಹುಡುಗನಿಗೆ ಆಗ ಹದಿನಾರು ತುಂಬುತ್ತಿತ್ತು. ನಮ್ಮ ಕಡೆ ವಿಜಯನಗರದಲ್ಲಿ ಸದಾಶಿವರಾಯನು ಹೆಸರಿಗೆ ಅರಸನಾಗಿ, ಅಳಿಯ ರಾಮರಾಯನು ನಿಜವಾಗಿ ಆಳುತ್ತಿದ್ದ ಕಾಲ ಅದು. ತಂದೆ ಒಂದು ಸಣ್ಣ ಕುದುರೆಯನ್ನು ಕೊಂಡುಕೊಟ್ಟನು. ಅಂಗಿಗಳನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ಕೆಲವು ಚಿನ್ನದ ನಾಣ್ಯಗಳನ್ನು ಮೇಲಂಗಿಯ ಒಳಗೆ ಹೊಲಿಸಿ ಬೀಳ್ಕೊಟ್ಟನು. ದಾರಿಯಲ್ಲಿ ಲೊಸಾನಿನ ಬಳಿಯ ಕಾಡಿನಲ್ಲಿ ಫೆಲಿಕ್ಸನೂ ಜೊತೆಗಾರರೂ ದಾರಿ ತಪ್ಪಿ, ರಾತ್ರಿ ಒಂದು ಕೆಟ್ಟ ಹೋಟಲಿನಲ್ಲಿ ತಂಗಿದರು. ಅಲ್ಲಿ ಕುಡಿಯುತ್ತ ಕುಳಿತಿದ್ದವರ ಚರ್ಯೆ ನೋಡಿ ಇವರಿಗೆ ನಡುಕ ಹುಟ್ಟಿತು. ಬಾಗಿಲಿಗೆ ಅಡ್ಡವಿಟ್ಟು, ಕತ್ತಿ ಹಿರಿದುಕೊಂಡು ಎಚ್ಚರವಾಗಿದ್ದು, ಬೆಳಕು ಹರಿಯುವ ಮುನ್ನವೇ ಕುದುರೆಗಳನ್ನೇರಿ ಪಾರಾದರು. ಜಿನೀವಾದಲ್ಲಿ ತಂದೆಯ ಪತ್ರವನ್ನು ಕಾಲ್ವಿನನ ಕೈಗೆ ಕೊಟ್ಟಾಗ ಆತನು ಮುಂದಿನ ಪಯಣಕ್ಕೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿದನು. ಯೂರೋಪಿನ ಅರ್ಧ ಭಾಗವನ್ನು ಕದಲಿಸಿದ ಆ ಮಹಾಪುರುಷನ ಉಪದೇಶವನ್ನು ಕೇಳಲು ಹುಡುಗನು ದೇವಾಲಯಕ್ಕೂ ಹೋದನು. ಫ್ರೆಂಚ್ ಬಾರದ ಕಾರಣ ಒಂದು ಮಾತೂ ತಿಳಿಯಲಿಲ್ಲ.

ಇಷ್ಟು ದೂರದ ಓದಿಗೆ ಹಣವೆಲ್ಲಿಂದ ಬಂತೆಂದರೆ, ಅದಕ್ಕೊಂದು ಜಾಣತನದ ಏರ್ಪಾಡಿತ್ತು. ಮಾಂಪೆಲಿಯೆಯ ಔಷಧವ್ಯಾಪಾರಿ ಕ್ಯಾಟಲಾನನ ಮಗನು ಬಾಸೆಲಿನಲ್ಲಿ ಪ್ಲಾಟರನ ಮನೆಯಲ್ಲಿದ್ದು ಓದುವುದು. ಅದಕ್ಕೆ ಬದಲಾಗಿ ಫೆಲಿಕ್ಸನು ಕ್ಯಾಟಲಾನನ ಮನೆಯಲ್ಲಿ ಊಟಮಾಡಿಕೊಂಡಿರುವುದು. ಮಗನಿಗೆ ಮಗ, ನಡುವೆ ಹಣದ ಮಾತಿಲ್ಲ. ಇಬ್ಬರು ತಂದೆಯರೂ ಒಬ್ಬರ ಮಗನಿಗೆ ಇನ್ನೊಬ್ಬರು ಒತ್ತೆಯಿದ್ದಂತಾಯಿತು. ವಿದ್ಯಾರ್ಥಿವೇತನಗಳು ಹುಟ್ಟುವ ಮೊದಲು ನಡುತರದ ಮನೆಯವರು ಮಕ್ಕಳಿಗೆ ಲೋಕವನ್ನು ತೋರಿಸಿದ ಬಗೆ ಇದು.

ಮಾಂಪೆಲಿಯೆ ಹತ್ತಿರವಾದಂತೆ ಉತ್ತರದೇಶದ ಹುಡುಗನು ಆಲಿವ್ ತೋಪುಗಳನ್ನು ಮೊದಲ ಬಾರಿಗೆ ಕಂಡನು. ಊರ ಹೊರಗಿನ ಆಲಿವ್ ಮರಗಳಲ್ಲಿ ಇನ್ನೊಂದನ್ನೂ ಕಂಡನು: ಮರಣದಂಡನೆ ಹೊಂದಿದವರ ಅಂಗಭಾಗಗಳನ್ನು ಕೊಂಬೆಗಳಿಗೆ ನೇತುಹಾಕಿದ್ದರು. ಆ ದೇಶದ ಸೊಗಸೂ ಕ್ರೌರ್ಯವೂ ಒಂದೇ ಮರದಲ್ಲಿ ಎದುರಾದವು. ಫೆಲಿಕ್ಸನು ಪ್ರಾಟೆಸ್ಟೆಂಟ್ ಮತದವನು, ಆಳುವವರು ಕ್ಯಾಥೊಲಿಕರು. ತನ್ನ ಮತದವರನ್ನು ಊರಿನಲ್ಲಿ ಬಹಿರಂಗವಾಗಿ ಸುಡುವುದನ್ನು ಅವನು ಕಣ್ಣಾರೆ ನೋಡಿದನು. ನೋಡಿದುದನ್ನು ಅಳುಕದೆ ಬರೆದಿಟ್ಟಿದ್ದಾನೆ. ಮನೆಯೊಡೆಯನಾದ ಕ್ಯಾಟಲಾನನ ವಂಶವೋ ಸ್ಪೇನಿನಿಂದ ಬಂದ ಯೆಹೂದ್ಯ ಮೂಲದ್ದು. ಹೊರಗೆ ಕ್ರೈಸ್ತ ರೀತಿ, ಒಳಗೆ ಹಳೆಯ ಆಚಾರಗಳ ನೆನಪು. ಹೀಗೆ ಒಂದೇ ಮಾಡಿನ ಕೆಳಗೆ ಎರಡು ಮತಗಳು ಬಾಯಿ ಬಿಗಿಹಿಡಿದುಕೊಂಡು ಬದುಕುತ್ತಿದ್ದವು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸವೂ ಮೊಟ್ಟೆಯೂ ನಿಷಿದ್ಧ. ಹಸಿವು ತಾಳಲಾರದೆ ಫೆಲಿಕ್ಸನು ತನ್ನ ಕೋಣೆಯಲ್ಲಿ ಕೆಂಡದ ಮೇಲೆ ಕಾಗದವನ್ನು ಹಿಡಿದು, ಅದರಲ್ಲಿ ಬೆಣ್ಣೆ ಕರಗಿಸಿ ಮೊಟ್ಟೆ ಬೇಯಿಸಿಕೊಂಡನು. ಅಡಗಿಸಿಟ್ಟಿದ್ದ ಸಿಪ್ಪೆಗಳು ಕೆಲಸದವಳ ಕಣ್ಣಿಗೆ ಬಿದ್ದು, ಮನೆಯೊಡತಿಯ ಕೋಪಕ್ಕೆ ಗುರಿಯಾದನು. ವಿದ್ಯಾರ್ಥಿಗಳ ಅಡುಗೆಯ ಚರಿತ್ರೆಯನ್ನು ಯಾರಾದರೂ ಬರೆದರೆ ಈ ಕಾಗದದ ಬಾಣಲೆಗೆ ಅದರಲ್ಲಿ ಸ್ಥಾನ ಸಲ್ಲಬೇಕು.

ವೈದ್ಯಶಾಲೆಯಲ್ಲಿ ರೊಂಡೆಲೆ ಮುಂತಾದ ಹೆಸರಾಂತ ಆಚಾರ್ಯರಿದ್ದರು. ಆದರೆ ಸೀಳಿ ನೋಡುವುದಕ್ಕೆ ಹೆಣಗಳು ಸಾಕಷ್ಟು ದೊರೆಯುತ್ತಿರಲಿಲ್ಲ. 1554ರ ಡಿಸೆಂಬರಿನ ಒಂದು ರಾತ್ರಿ ಫೆಲಿಕ್ಸನು ಜೊತೆಗಾರರೊಡನೆ ಕೋಟೆಯ ಹೊರಗಿದ್ದ ಸಂತ ಡೆನಿಯ ಮಠದ ಸ್ಮಶಾನಕ್ಕೆ ಹೋಗಿ, ಆ ದಿನವೇ ಹೂತಿದ್ದ ಹೆಣವನ್ನು ಮಣ್ಣು ಕೆದಕಿ ತೆಗೆದು, ಬಟ್ಟೆಯಲ್ಲಿ ಕಟ್ಟಿ ನಗರದೊಳಕ್ಕೆ ಸಾಗಿಸಿದನು. ಮತ್ತೆಯೂ ಹೋದರು. ಕಡೆಗೆ ಮಠದ ಸಂನ್ಯಾಸಿಗಳು ಬಿಲ್ಲುಗಳನ್ನು ಹಿಡಿದು ಕಾವಲು ಕುಳಿತ ಮೇಲೆ ಈ ಯಾತ್ರೆ ನಿಂತಿತು. ಸತ್ತವರ ಬಂಧುಗಳ ಕಡೆಯಿಂದ ನೋಡಿದರೆ ಇದು ಘೋರವಾದ ಅಪರಾಧ. ಅದನ್ನು ಹುಡುಗಾಟವೆಂದು ನಕ್ಕು ಬಿಡುವುದು ನಮಗೆ ಸರಿತೋರುವುದಿಲ್ಲ. ಆದರೆ ಇದೇ ಫೆಲಿಕ್ಸನು 1583ರಲ್ಲಿ ಪ್ರಕಟಿಸಿದ ಶರೀರಶಾಸ್ತ್ರದ ಗ್ರಂಥದಲ್ಲಿ, ನೋಟವು ನಡೆಯುವುದು ಕಣ್ಣಿನ ಮುಂಭಾಗದ ಹರಳಿನಲ್ಲಲ್ಲ, ಹಿಂಭಾಗದ ಪರದೆಯಲ್ಲಿ, ಎಂದು ತೋರಿಸಿದನು. 1604ರಲ್ಲಿ ಜ್ಯೋತಿಷಿ ಕೆಪ್ಲರನು ದೃಷ್ಟಿಯ ಕ್ರಮವನ್ನು ವಿವರಿಸುವಾಗ ಪ್ಲಾಟರನ ಹೆಸರನ್ನು ಸ್ಮರಿಸಿದನು.

ಬಿಡುವಿನ ದಿನಗಳಲ್ಲಿ ಸಮುದ್ರವನ್ನು ನೋಡುವುದು, ಮರಳಿನಲ್ಲಿ ಚಿಪ್ಪುಗಳನ್ನು ಆರಿಸುವುದು, ಗಿಡಮೂಲಿಕೆಗಳನ್ನು ಕಿತ್ತು ಒಣಗಿಸಿ ಕಾಗದಕ್ಕೆ ಅಂಟಿಸುವುದು, ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸುವುದು ಇವೆಲ್ಲ ನಡೆಯುತ್ತಿದ್ದವು. ವಾದ್ಯದ ಕಾರಣದಿಂದಲೇ ಊರವರು ಅವನನ್ನು ಗುರುತಿಸುತ್ತಿದ್ದರು. ಇತ್ತ ತಂದೆಯ ಪತ್ರಗಳಲ್ಲಿ ಬರುತ್ತಿದ್ದುದು ಒಂದೇ ರಾಗ: ಬಾಸೆಲಿನಲ್ಲಿ ವೈದ್ಯರು ಬೇಕಾದಷ್ಟು ಮಂದಿ ಇದ್ದಾರೆ, ಬಡವನ ಮಗನಾದ ನೀನು ಅವರನ್ನು ಮೀರಿಸಿದರೆ ಮಾತ್ರ ಬದುಕು, ಎಂದು. ಮಗನು 1557ರ ಫೆಬ್ರವರಿಯಲ್ಲಿ ಹೊರಟು, ತೂಲೂಸ್, ಬೋರ್ಡೊ, ಪ್ಯಾರಿಸ್ ನಗರಗಳನ್ನೆಲ್ಲ ಸುತ್ತಿಕೊಂಡು, ಮೇ ತಿಂಗಳಲ್ಲಿ ಮನೆ ಸೇರಿದನು. ಆ ವರ್ಷವೇ ವೈದ್ಯಪದವಿ ಪಡೆದನು. ಮುಂದೆ ಅವನು ಕೂಡಿಸಿದ ಸಂಗ್ರಹವು ತಾನೇ ಒಂದು ಪ್ರೇಕ್ಷಣೀಯ ವಸ್ತುವಾಯಿತು. 1580ರಲ್ಲಿ ಬಾಸೆಲಿಗೆ ಬಂದ ಫ್ರಾನ್ಸಿನ ಪ್ರಬಂಧಕಾರ ಮಾಂಟೇನನು ಆ ಮನೆಗೆ ಹೋಗಿ, ಕಾಗದಕ್ಕೆ ಅಂಟಿಸಿದ ಗಿಡಗಳನ್ನು ಕಂಡು ಬೆರಗಾದನು. ಆ ಹಾಳೆಗಳಲ್ಲಿ ಹಲವು ಸಂಪುಟಗಳು ಬರ್ನ್ ನಗರದಲ್ಲಿ ಈಗಲೂ ಇವೆ.

ಹೆಂಡತಿ ತೀರಿಕೊಂಡ ಮೇಲೆ ಹಿರಿಯ ಥಾಮಸನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮರುಮದುವೆಯಾದನು. ಆ ಸಂಸಾರದಲ್ಲಿ 1574ರಲ್ಲಿ ಹುಟ್ಟಿದವನು ಕಿರಿಯ ಥಾಮಸ್. 1582ರಲ್ಲಿ ತಂದೆ ಸತ್ತನು. ಮಕ್ಕಳಿಲ್ಲದ ಫೆಲಿಕ್ಸನು ಆ ತಮ್ಮನನ್ನು ಮಗನಂತೆ ಸಾಕಿ, 1595ರಲ್ಲಿ ತಾನು ಓದಿದ ಮಾಂಪೆಲಿಯೆಗೇ ಕಳುಹಿಸಿದನು. ಅಣ್ಣನ ಬರವಣಿಗೆಯಲ್ಲಿ ಜೀವವಿದೆ, ಅಳುಕು ನಗುಗಳಿವೆ. ತಮ್ಮನದು ಲೆಕ್ಕದ ಪುಸ್ತಕ. ಗೋಡೆ ಎಷ್ಟು ಹೆಜ್ಜೆ, ಗೋಪುರಕ್ಕೆ ಎಷ್ಟು ಮೆಟ್ಟಿಲು, ಊಟಕ್ಕೆ ಎಷ್ಟು ಬೆಲೆ, ಇದೇ ಅವನ ವಿಚಾರ. ರೋಮನರು ಕಟ್ಟಿದ ಮೂರಂತಸ್ತಿನ ಗಾರ್ ಸೇತುವೆ, ನೀಮ್ ನಗರದ ಮಲ್ಲರಂಗ, ಮಾರ್ಸೇಲ್ಸ್ ರೇವು, ಗಡಿಯಾಚೆಯ ಬಾರ್ಸೆಲೋನ ಇವೆಲ್ಲ ಹೀಗೆಯೇ ಪುಟಕ್ಕೇರಿದವು. ಅಚ್ಚಾದ ಪುಸ್ತಕಗಳಿಂದ ಎತ್ತಿಕೊಂಡ ಭಾಗಗಳೂ ಅಲ್ಲಲ್ಲಿ ಉಂಟು. ಓದುವವರಿಗೆ ಬೇಸರ ಬರುವುದು ನಿಜ. ಆದರೆ 1599ರ ಸೆಪ್ಟೆಂಬರಿನಲ್ಲಿ ಅವನು ಕಡಲು ದಾಟಿ ಇಂಗ್ಲೆಂಡಿಗೆ ಹೋದನು. ಅಲ್ಲಿ ಈ ಲೆಕ್ಕದ ಬುದ್ಧಿಯೇ ಚರಿತ್ರೆಗೆ ದೊಡ್ಡ ಉಪಕಾರ ಮಾಡಿತು.

ಮೈಸೂರಿನಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆಯುವುದಕ್ಕೆ ಇನ್ನೂ 11 ವರ್ಷವಿತ್ತು. ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಕೊನೆಗಾಲ. ಕಿರಿಯ ಥಾಮಸನು ನಾನ್‌ಸಚ್ ಅರಮನೆಯಲ್ಲಿ ಅವಳನ್ನು ಕಂಡನು. ಅವಳಿಗೆ 74 ವರ್ಷವೆಂದೂ, ನೋಡಲು ಮಾತ್ರ ಇಪ್ಪತ್ತರವಳಂತಿರುವಳೆಂದೂ ಬರೆದನು. ನಿಜವಾಗಿ ಅವಳಿಗೆ ಆಗ 66. ವಯಸ್ಸನ್ನು ಎಂಟು ವರ್ಷ ಏರಿಸಿ, ರೂಪವನ್ನು ಐವತ್ತನಾಲ್ಕು ವರ್ಷ ಇಳಿಸಿದ ಈ ವೈದ್ಯನು ದರ್ಬಾರಿನ ಮರ್ಯಾದೆಯನ್ನು ಬೇಗನೆ ಕಲಿತನೆಂದು ತೋರುತ್ತದೆ. ಲಂಡನ್ ಸೇತುವೆಯ ಗೋಪುರದ ಮೇಲೆ, ರಾಜದ್ರೋಹಕ್ಕಾಗಿ ಶಿರಚ್ಛೇದವಾದ ಶ್ರೀಮಂತರ ತಲೆಗಳು ಮೂವತ್ತಕ್ಕೂ ಮಿಗಿಲಾಗಿದ್ದವು. ಅವರ ವಂಶದವರು ಅದನ್ನು ಬೆರಳು ಮಾಡಿ ತೋರಿಸಿ ಹೆಮ್ಮೆಪಡುತ್ತಿದ್ದರಂತೆ. ಹೊಗೆಸೊಪ್ಪನ್ನು ಚಿಲುಮೆಯಲ್ಲಿಟ್ಟು ಸೇದುವುದನ್ನು ಕಂಡು, ಹಾಗೆ ಸೇದುತ್ತಿದ್ದವನೊಬ್ಬನು ಸತ್ತ ಮೇಲೆ ಅವನ ನಾಳಗಳೊಳಗೆ ಹೊಗೆಗೂಡಿನಂತೆ ಮಸಿ ಕಟ್ಟಿತ್ತೆಂದು ಕೇಳಿದ್ದನ್ನೂ ಟಿಪ್ಪಣಿಮಾಡಿಕೊಂಡನು. ವಾಲ್ಟರ್ ಕೋಪ್ ಎಂಬ ಶ್ರೀಮಂತನ ವಿಚಿತ್ರವಸ್ತುಗಳ ಮನೆಯಲ್ಲಿ ತೂಗುಹಾಕಿದ್ದ “ಇಂಡಿಯನ್” ದೋಣಿ ಅವನ ಪಟ್ಟಿಯಲ್ಲಿದೆ. ಅದು ನಮ್ಮ ಇಂಡಿಯಾ ಅಲ್ಲ. ಅಮೆರಿಕದಿಂದ ಬಂದುದಕ್ಕೆಲ್ಲ ಆಗ ಅದೇ ಹೆಸರು.

ಈಗ ಮುಖ್ಯವಾದ ದಿನಕ್ಕೆ ಬರೋಣ. ಸೆಪ್ಟೆಂಬರ್ 21ರಂದು ಊಟ ಮುಗಿಸಿಕೊಂಡು, ಸುಮಾರು ಎರಡು ಗಂಟೆಗೆ, ಅವನು ಜೊತೆಗಾರರೊಡನೆ ಥೇಮ್ಸ್ ನದಿಯನ್ನು ದಾಟಿ, ಹುಲ್ಲು ಹೊದಿಸಿದ ಒಂದು ನಾಟಕಶಾಲೆಗೆ ಹೋದನು. ಅಲ್ಲಿ ಹದಿನೈದು ಮಂದಿ ಪಾತ್ರಧಾರಿಗಳು ಜೂಲಿಯಸ್ ಸೀಸರನ ದುರಂತ ಕಥೆಯನ್ನು ಚೆನ್ನಾಗಿ ಆಡಿದರು. ಮುಗಿದ ಮೇಲೆ ಇಬ್ಬರು ಗಂಡುವೇಷದಲ್ಲಿ, ಇಬ್ಬರು ಹೆಣ್ಣುವೇಷದಲ್ಲಿ ಸೊಗಸಾಗಿ ಕುಣಿದರು. ಹೆಣ್ಣುವೇಷದ ಗಂಡಸರು ನಮ್ಮ ನಾಟಕದ ಕಂಪನಿಗಳನ್ನು ಬಲ್ಲವರಿಗೆ ವಿಚಿತ್ರವಲ್ಲ. ರಕ್ತಪಾತದ ನಾಟಕದ ಕೊನೆಗೆ ಕುಣಿತ ಹೇಗೆ ಹೊಂದಿತೆಂಬುದೇ ವಿಚಿತ್ರ. ಬರಹಗಾರನು ಕವಿಯ ಹೆಸರನ್ನು ಹೇಳಿಲ್ಲ. ನಾಟಕಶಾಲೆಯ ಹೆಸರನ್ನೂ ಹೇಳಿಲ್ಲ. ಇಂಗ್ಲಿಷ್ ಬಲ್ಲವನೆಂದೂ ತೋರುವುದಿಲ್ಲ. ಆದರೂ ಅದು ಷೇಕ್ಸ್‌ಪಿಯರನ ನಾಟಕವೇ, ಶಾಲೆಯು ಆ ವರ್ಷ ತಾನೇ ಕಟ್ಟಿದ ಗ್ಲೋಬ್, ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಆ ನಾಟಕವು ಅಚ್ಚಾದುದು 1623ರಲ್ಲಿ. ಗ್ಲೋಬ್ ಶಾಲೆಯು 1613ರಲ್ಲಿ ಸುಟ್ಟುಹೋಯಿತು. ಅದರ ಮಾದರಿಯಲ್ಲಿ ಅದೇ ದಂಡೆಯ ಸಮೀಪದಲ್ಲಿ ಕಟ್ಟಿದ ಹೊಸ ಶಾಲೆಯು ತೆರೆದುದು 1997ರಲ್ಲಿ. ‘ಜೂಲಿಯಸ್ ಸೀಸರ್’ 1599ರಲ್ಲಿಯೇ ರಂಗದ ಮೇಲಿತ್ತೆಂದು ಇಂದು ನಾವು ದಿನದ ಸಮೇತ ಹೇಳುವುದು ಬಾಸೆಲಿನ ಈ ವೈದ್ಯವಿದ್ಯಾರ್ಥಿಯ ಮಾತನ್ನು ನಂಬಿ. ಕಾಲೇಜುಗಳಲ್ಲಿ ಆ ನಾಟಕವನ್ನು ಪಠ್ಯವಾಗಿ ಓದಿದ ನಮ್ಮವರಲ್ಲಿ ಅವನ ಹೆಸರು ಕೇಳಿದವರು ಕಡಮೆ.

ಲೆಕ್ಕದ ಬುದ್ಧಿ ಇಲ್ಲಿಯೂ ಬಿಡಲಿಲ್ಲ. ಕೆಳಗೆ ನಿಂತು ನೋಡುವುದಕ್ಕೆ ಒಂದು ಪೆನ್ನಿ. ಕುಳಿತು ನೋಡಬೇಕಾದರೆ ಇನ್ನೊಂದು. ಮೆತ್ತೆಯ ಮೇಲೆ ಕುಳಿತು ತಾನೂ ಇತರರ ಕಣ್ಣಿಗೆ ಬೀಳಬೇಕಾದರೆ ಮೂರನೆಯದು. ತಿಂಡಿ ಪಾನೀಯಗಳನ್ನು ನಡುನಡುವೆ ಹೊತ್ತು ಮಾರುತ್ತಿದ್ದರು. ನಟರ ಉಡುಪುಗಳು ಬಲು ಬೆಲೆಯವು: ಶ್ರೀಮಂತರು ಸಾಯುವಾಗ ಒಳ್ಳೆಯ ಬಟ್ಟೆಗಳನ್ನು ಆಳುಗಳಿಗೆ ಬಿಟ್ಟುಹೋಗುವರು, ಅವನ್ನು ತೊಡುವುದು ಆಳುಗಳಿಗೆ ಸಲ್ಲದು, ಆದುದರಿಂದ ನಟರಿಗೆ ಮಾರುವರು. ಇಂಗ್ಲಿಷರು ಹೆಚ್ಚಾಗಿ ದೇಶ ಸುತ್ತುವವರಲ್ಲ, ಹೊರಗಿನ ಲೋಕವನ್ನು ನಾಟಕಶಾಲೆಯಲ್ಲಿಯೇ ತಿಳಿದುಕೊಂಡು ಮನೆಯಲ್ಲಿ ಸುಖವಾಗಿರುವರು, ಎಂಬುದು ಅವನ ಅಭಿಪ್ರಾಯ. ಈ ಮಾತನ್ನು ಬರೆದ ಮರುವರ್ಷವೇ, ಅಂದರೆ 1600ರ ಕೊನೆಯ ದಿನದಂದು, ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ದೊರೆಯಿತು.

ಊರಿಗೆ ಮರಳಿದ ಮೇಲೆ ಅವನು ತನ್ನ ಟಿಪ್ಪಣಿಗಳನ್ನೆಲ್ಲ 1604-05ರಲ್ಲಿ ಶುದ್ಧಪ್ರತಿ ಮಾಡಿ, ಕಳುಹಿಸಿದ ಅಣ್ಣನಿಗೆ ಅರ್ಪಿಸಿದನು. ಆ ಹಸ್ತಪ್ರತಿ ಬಾಸೆಲಿನಲ್ಲಿಯೇ ಉಳಿಯಿತು. ಲಂಡನಿನ ನಾಟಕಗಳ ಭಾಗವನ್ನು ಗುಸ್ತಾಫ್ ಬಿಂಜ್ ಎಂಬ ವಿದ್ವಾಂಸನು ಅಚ್ಚುಮಾಡಿಸಿದ್ದು 1899ರಲ್ಲಿ, ಸರಿಯಾಗಿ ಮುನ್ನೂರು ವರ್ಷಗಳ ಮೇಲೆ.

ಅದರಲ್ಲಿ ಇನ್ನೊಂದು ನಾಟಕದ ಸುದ್ದಿಯೂ ಇದೆ. ಬಿಷಪ್ಸ್‌ಗೇಟ್ ಕಡೆಯ ಒಂದು ಶಾಲೆಯಲ್ಲಿ ಅವನು ಅದನ್ನು ನೋಡಿದನು. ಒಬ್ಬ ಇಂಗ್ಲಿಷನು ಒಬ್ಬ ಹುಡುಗಿಗಾಗಿ ನಾನಾ ದೇಶದವರೊಡನೆ ಕಾದಾಡುತ್ತಾನೆ. ಎಲ್ಲರನ್ನೂ ಸೋಲಿಸುತ್ತಾನೆ, ಜರ್ಮನನೊಬ್ಬನು ಮಾತ್ರ ಗೆದ್ದು ಹುಡುಗಿಯನ್ನು ಪಡೆಯುತ್ತಾನೆ. ಗೆದ್ದ ಸಂತೋಷಕ್ಕೆ ಅವನೂ ಅವನ ಆಳೂ ಕಂಠಪೂರ್ತಿ ಕುಡಿಯುತ್ತಾರೆ. ಆಳು ಯಜಮಾನನ ತಲೆಗೆ ಪಾದರಕ್ಷೆಯನ್ನು ಎಸೆಯುತ್ತಾನೆ, ಇಬ್ಬರೂ ಬಿದ್ದು ನಿದ್ರೆಹೋಗುತ್ತಾರೆ. ಅಷ್ಟರಲ್ಲಿ ಇಂಗ್ಲಿಷನು ಡೇರೆಯೊಳಕ್ಕೆ ನುಗ್ಗಿ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾನೆ. ಜರ್ಮನ್ ಮಾತಾಡುವ ಪ್ರೇಕ್ಷಕನು ಇದನ್ನು ಮುನಿಸಿಲ್ಲದೆ ಬರೆದುಕೊಂಡಿದ್ದಾನೆ. ಆ ನಾಟಕದ ಪ್ರತಿ ಉಳಿದಿಲ್ಲ. ಬರೆದವನ ಹೆಸರೂ ಇಲ್ಲ. ಕಿರಿಯ ಥಾಮಸನ ಈ ಕೆಲವು ಸಾಲುಗಳಲ್ಲಿ ಅದರ ಕಥೆ ಮಾತ್ರ ಉಳಿದುಬಂದಿದೆ.